ಟ್ರಾಕ್ಟರಿನ ಸೀಟು, ನಮ್ಮ ಸೊಂಟ



ಈ ಹೊತ್ತು ನಾನು ಬೀಜದ ಮಾತು ಆಡುವುದಿಲ್ಲ, ಗೊಬ್ಬರದ ಮಾತೂ ಆಡುವುದಿಲ್ಲ. ಬೆಳೆಗೆ ಬೀಳುವ ರೋಗದ ವಿಚಾರವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ಇವತ್ತಿನ ವಿಚಾರ ಟ್ರಾಕ್ಟರು ಓಡಿಸುವವನ ಸೊಂಟ. "ಇದೇನು ಸ್ವಾಮಿ, ಸೊಂಟದ ವಿಚಾರ ಹೇಳೋದಕ್ಕೆ ರೇಡಿಯೋ ಬೇಕೆ?" ಅಂತ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಕೊನೆಯ ತನಕ ಕೇಳಿ.

ಮುಂಗಾರು ಹದ ಬಿದ್ದ ದಿನಗಳಲ್ಲಿ ಒಂದು ಹಳ್ಳಿಗೆ ಹೋಗಿದ್ದೆ. ಊರಿಗೆ ಊರೇ ಹೊಲದಲ್ಲಿತ್ತು. ಒಂದು ಮನೆಯ ಅಂಗಳದಲ್ಲಿ ಮಾತ್ರ ಟ್ರಾಕ್ಟರು ಸುಮ್ಮನೆ ನಿಂತಿತ್ತು. ಇಂಥ ಹದದಲ್ಲಿ ಗಾಡಿ ಯಾಕೆ ನಿಂತಿದೆ ಅಂತ ಕೇಳಿದೆ. ಜಗುಲಿಯ ಮೇಲಿದ್ದ ಯಜಮಾನರು ಮಾತಾಡದೆ ಬಾಗಿಲ ಕಡೆ ಕೈ ತೋರಿಸಿದರು. ಒಳಗೆ ಚಾಪೆಯ ಮೇಲೆ ಮಗ ಮಲಗಿದ್ದ. ವಯಸ್ಸು ಮೂವತ್ತೆರಡು. ಎದ್ದು ಕೂರಬೇಕಾದರೆ ಗೋಡೆ ಹಿಡಿಯಬೇಕು. ಸಾಲ ಮಾಡಿ ಟ್ರಾಕ್ಟರು ತಂದಿದ್ದ. ಸ್ವಂತ ಉಳುಮೆಯಿಂದ ಕಂತು ತೀರುವುದಿಲ್ಲ ಅಂತ ಬಾಡಿಗೆ ಉಳುಮೆಯನ್ನೂ ಹಿಡಿದ. ಹಂಗಾಮು ಬಂತೆಂದರೆ ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ಸೀಟಿನ ಮೇಲೆಯೇ. ಎರಡು ವರ್ಷದಿಂದ ಸೊಂಟ ಹಿಡಿಯುತ್ತಿತ್ತು. ಮಾತ್ರೆ ನುಂಗಿ ಹತ್ತುತ್ತಿದ್ದ. ಈಗ ಹತ್ತುವುದಕ್ಕೇ ಆಗದು. ಕಂತಿನ ದಿನ ಮಾತ್ರ ಅದರ ಪಾಡಿಗೆ ಅದು ಬರುತ್ತದೆ.

ಯಜಮಾನರು ಒಂದು ಮಾತು ಹೇಳಿದರು: "ಎತ್ತಿನ ಹೆಗಲು ಬಾತರೆ ನಾನು ಆರು ಬಿಟ್ಟುಬಿಡ್ತಿದ್ದೆ ಸ್ವಾಮಿ. ಇವನು ತನ್ನ ಸೊಂಟ ಬಿದ್ದುಹೋಗ್ತಾ ಇದ್ದರೂ ಬಿಡಲಿಲ್ಲ."

ಬಂಧುಗಳೇ, ಈ ಮಾತನ್ನು ಸ್ವಲ್ಪ ಯೋಚಿಸಿ ನೋಡಿ. ಎತ್ತಿನ ಬೇಸಾಯದಲ್ಲಿ ನಮ್ಮ ಹಿರಿಯರು ಎಷ್ಟು ಎಚ್ಚರವಾಗಿದ್ದರು! ನೊಗ ಒರಟಾಗಿದ್ದರೆ ಕೆತ್ತಿ ನಯ ಮಾಡುತ್ತಿದ್ದರು. ಗಾಡಿ ಹೇರುವಾಗ ಮುಂಭಾರ ಆಯಿತೋ ಹಿಂಭಾರ ಆಯಿತೋ ಅಂತ ಮೂಕಿ ಎತ್ತಿ ನೋಡುತ್ತಿದ್ದರು. ಬಿಸಿಲೇರಿದರೆ ಎತ್ತು ಬಿಡುತ್ತಿದ್ದರು. ಮೂಕ ಪ್ರಾಣಿ ಬಾಯಿಬಿಟ್ಟು ಹೇಳಲಾರದು ಅಂತ ನಾವೇ ನೋಡಿಕೊಳ್ಳುತ್ತಿದ್ದೆವು. ನಮ್ಮ ಸೊಂಟವಾದರೋ ಬಾಯಿಬಿಟ್ಟು ಹೇಳುತ್ತದೆ, ಕೂಗಿ ಹೇಳುತ್ತದೆ. ಆದರೂ ನಾವು ಕೇಳುವುದಿಲ್ಲ.

ನೇಗಿಲ ಹಿಂದೆ ನಡೆಯುವಾಗ ಇಲ್ಲದ ನೋವು ಕೂತು ಓಡಿಸುವಾಗ ಯಾಕೆ ಬರಬೇಕು? ಇದು ನ್ಯಾಯವಾದ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ನೇಗಿಲ ಸಾಲು ಅರ್ಧ ಅಡಿ ಅಗಲ ಅಂತಿಟ್ಟುಕೊಳ್ಳಿ. ಒಂದು ಎಕರೆ ಉತ್ತು ಮುಗಿಸುವಷ್ಟರಲ್ಲಿ ಉಳುವವನು ಸುಮಾರು 16 ಮೈಲಿ, ಅಂದರೆ 26 ಕಿಲೋಮೀಟರು ನಡೆದಿರುತ್ತಾನೆ. ಕಾಲು ನೋಯುತ್ತಿತ್ತು, ತೋಳು ನೋಯುತ್ತಿತ್ತು, ಅದು ಸುಖದ ಕೆಲಸವೇನೂ ಆಗಿರಲಿಲ್ಲ. ಸೊಂಟ ಮಾತ್ರ ಆಡುತ್ತಲೇ ಇತ್ತು. ಟ್ರಾಕ್ಟರು ಆ ನಡಿಗೆಯನ್ನು ಉಳಿಸಿತು, ಒಳ್ಳೆಯದೇ ಆಯಿತು. ಆದರೆ ಅದರ ಬದಲು ಎರಡು ಹೊಸ ಹೊರೆಗಳನ್ನು ತಂದು ಸೊಂಟದ ಮೇಲಿಟ್ಟಿತು. ಒಂದು, ಅಲುಗಾಡದೆ ಗಂಟೆಗಟ್ಟಲೆ ಕೂರುವುದು. ಇನ್ನೊಂದು, ಕುಲುಕು.

ನಮ್ಮ ಬೆನ್ನೆಲುಬು ಒಂದೇ ಎಲುಬಲ್ಲ. ಮಣಿ ಪೋಣಿಸಿದ ಹಾಗೆ ಒಂದರ ಮೇಲೊಂದು ಎಲುಬುಗಳು ಕೂತಿವೆ. ಆಡುವ ಮಣಿಗಳು 24. ಅವುಗಳಲ್ಲಿ ಸೊಂಟದವು 5. ಮಣಿಗೂ ಮಣಿಗೂ ನಡುವೆ ಮೆತ್ತೆಯಂಥ ಒಂದೊಂದು ಬಿಲ್ಲೆ ಇದೆ. ಡಾಕ್ಟರು ಇದನ್ನೇ ಡಿಸ್ಕ್ ಅನ್ನುತ್ತಾರೆ. ದೊಡ್ಡವರಲ್ಲಿ ಈ ಬಿಲ್ಲೆಯ ಒಳಕ್ಕೆ ರಕ್ತನಾಳ ಹೋಗುವುದಿಲ್ಲ. ಹಾಗಾದರೆ ಅದಕ್ಕೆ ಆಹಾರ ಎಲ್ಲಿಂದ? ಸುತ್ತಲ ಎಲುಬಿನಿಂದ ಜಿನುಗಿ ಬರಬೇಕು. ಭಾರ ಬಿದ್ದಾಗ ಬಿಲ್ಲೆಯ ನೀರು ಹೊರಕ್ಕೆ ಹೋಗುತ್ತದೆ, ಭಾರ ಇಳಿದಾಗ ಒಳಕ್ಕೆ ಬರುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿ, ಮತ್ತೆ ನೀರಿಗೆ ಬಿಟ್ಟ ಹಾಗೆ. ನಡೆಯುವುದು, ಏಳುವುದು, ಮಲಗುವುದು, ಇವೇ ಅದಕ್ಕೆ ಊಟ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಗೋಡೆಗೆ ಬೆನ್ನು ಕೊಟ್ಟು ನಿಂತು, ತಲೆಯ ಮಟ್ಟಕ್ಕೆ ಗುರುತು ಹಾಕಿಸಿ. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಹಾಕಿಸಿ. ರಾತ್ರಿಯ ಗುರುತು ಸುಮಾರು ಒಂದು ಸೆಂಟಿಮೀಟರಿಗೂ ಹೆಚ್ಚು ಕೆಳಗೆ ಬಂದಿರುತ್ತದೆ. ದಿನವೆಲ್ಲ ಬಿಲ್ಲೆಗಳು ಹಿಂಡಿಸಿಕೊಂಡ ಲೆಕ್ಕ ಅದು. ಮಲಗಿ ಎದ್ದರೆ ಮತ್ತೆ ತುಂಬಿಕೊಳ್ಳುತ್ತದೆ.

ಇನ್ನು ಕೂರುವ ರೀತಿ. ಸ್ವೀಡನ್ ದೇಶದ ಡಾಕ್ಟರು ನಾಕೆಮ್ಸನ್ ಎಂಬುವರು 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಬಿಲ್ಲೆಗೇ ಸೂಜಿ ಇಳಿಸಿ ಒಳಗಿನ ಒತ್ತಡ ಅಳೆದರು. 1999ರಲ್ಲಿ ಜರ್ಮನಿಯಲ್ಲಿ ವಿಲ್ಕೆ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಮತ್ತೆ ಅಳೆದರು. ಕೆಲವು ವಿಚಾರದಲ್ಲಿ ಎರಡು ಅಳತೆಗೂ ವ್ಯತ್ಯಾಸ ಉಂಟು. ಆದರೆ ಬೆನ್ನು ಗೂನು ಮಾಡಿ ಮುಂದಕ್ಕೆ ಬಾಗಿ ಕೂತರೆ, ನಿಂತಾಗಿನದಕ್ಕಿಂತ ಒತ್ತಡ ಹೆಚ್ಚು ಅನ್ನುವುದರಲ್ಲಿ ಎರಡೂ ಒಂದೇ.

ಈಗ ಕುಲುಕಿನ ವಿಚಾರ. ಕಾರಿಗೆ, ಬಸ್ಸಿಗೆ ಚಕ್ರದ ಮೇಲೆ ಸ್ಪ್ರಿಂಗು ಉಂಟು. ಸಾಮಾನ್ಯವಾಗಿ ಟ್ರಾಕ್ಟರಿನ ಹಿಂದಿನ ಅಚ್ಚಿಗೆ ಅದಿಲ್ಲ. ಟೈರಿನ ಗಾಳಿ, ಸೀಟಿನ ಕೆಳಗಿನ ಸ್ಪ್ರಿಂಗು, ಇವೆರಡೇ ನಮಗೆ ಆಧಾರ. ಹೊಲದಲ್ಲಿ ಗಾಡಿ ಸೆಕೆಂಡಿಗೆ ಮೂರು ಸಾರಿ ಏರಿಳಿಯಿತು ಅಂತಿಟ್ಟುಕೊಂಡರೂ, ಎಂಟು ಗಂಟೆಗೆ 86,400 ಸಾರಿ ಆಯಿತು! ಮನುಷ್ಯನ ಮೈ ಸೆಕೆಂಡಿಗೆ ಸುಮಾರು 4ರಿಂದ 8 ಸಾರಿ ಮೇಲೆ ಕೆಳಗೆ ಆಡುವ ಕುಲುಕನ್ನು ತಡೆಯಲಾರದು. ಆ ಲಯಕ್ಕೆ ಬೆನ್ನು ತಾನೂ ಕುಣಿಯತೊಡಗುತ್ತದೆ, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳು ಕೊಟ್ಟ ಹಾಗೆ. ಟ್ರಾಕ್ಟರಿನ ಕುಲುಕಿನ ಬಹುಭಾಗ ಈ ಲಯದ ಆಸುಪಾಸಿನಲ್ಲೇ ಇರುವುದು ನಮ್ಮ ದುರದೃಷ್ಟ.

ಇದು ಬರಿಯ ಊಹೆಯ ಮಾತಲ್ಲ. ಇಟಲಿಯಲ್ಲಿ ಬೊವೆಂಜಿ ಮತ್ತು ಬೆಟ್ಟಾ ಎಂಬುವರು 1,155 ಮಂದಿ ಟ್ರಾಕ್ಟರು ಚಾಲಕರನ್ನೂ 220 ಮಂದಿ ಕಚೇರಿ ನೌಕರರನ್ನೂ ವಿಚಾರಿಸಿ, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೊಂಟನೋವು ಚಾಲಕರಲ್ಲೇ ಹೆಚ್ಚಾಗಿ ಕಂಡಿತು. ಕುಲುಕು ಹೆಚ್ಚು ತಿಂದವರಿಗೂ, ಬಾಗಿ ತಿರುಚಿ ಕೂತವರಿಗೂ ನೋವು ಇನ್ನೂ ಹೆಚ್ಚು. ಅಂದರೆ ಕುಲುಕು ಒಂದೇ ಅಲ್ಲ, ಕೂರುವ ಭಂಗಿ ಒಂದೇ ಅಲ್ಲ. ಎರಡೂ ಸೇರಿಕೊಂಡು ಮನುಷ್ಯನನ್ನು ಮಲಗಿಸುತ್ತವೆ. ಸಂತೋಷದ ಸಂಗತಿ ಏನೆಂದರೆ, ಎರಡರಲ್ಲೂ ಒಂದಷ್ಟು ನಮ್ಮ ಕೈಯಲ್ಲೇ ಇದೆ.

ಆ ಹುಡುಗನ ಟ್ರಾಕ್ಟರನ್ನು ನಾನು ಹತ್ತಿ ನೋಡಿದೆ. ಸೀಟಿನ ಮೇಲೆ ಎರಡು ಗೋಣಿಚೀಲ ಮಡಿಸಿ ಹಾಕಿತ್ತು. ಸೀಟಿನ ಭಾರದ ತಿರುಪು ಅಂಗಡಿಯಿಂದ ಬಂದ ದಿನ ಎಲ್ಲಿತ್ತೋ ಅಲ್ಲೇ ಇತ್ತು, ತುಕ್ಕು ಹಿಡಿದು ಕೂತಿತ್ತು. ನಿಮ್ಮ ಗಾಡಿಯದೂ ಹಾಗೇ ಇದೆಯೋ ಏನೋ! ಆದ್ದರಿಂದ ಸೀಟು ಕೂಡಿಸುವ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಭಾರದ ತಿರುಪು. ಈಗಿನ ಬಹಳಷ್ಟು ಟ್ರಾಕ್ಟರುಗಳಲ್ಲಿ ಸೀಟಿನ ಕೆಳಗೋ ಹಿಂದೆಯೋ ಒಂದು ತಿರುಪೋ ಹಿಡಿಯೋ ಇರುತ್ತದೆ. ಪಕ್ಕದಲ್ಲಿ ಕಿಲೋ ಗುರುತು ಹಾಕಿರುತ್ತಾರೆ. ಓಡಿಸುವವನ ತೂಕಕ್ಕೆ ಅದನ್ನು ಹೊಂದಿಸಬೇಕು. ಸಡಿಲವಾದರೆ ಹಳ್ಳ ಬಂದಾಗ ಸೀಟು ತಳಕ್ಕೆ ಬಡಿಯುತ್ತದೆ. ಬಿಗಿಯಾದರೆ ಸ್ಪ್ರಿಂಗು ಆಡುವುದೇ ಇಲ್ಲ, ಕುಲುಕೆಲ್ಲ ನೇರ ಬೆನ್ನಿಗೆ ಬರುತ್ತದೆ. ನೀವು ಕೂತಾಗ ಸೀಟು ತನ್ನ ಏರಿಳಿತದ ನಡುಮಧ್ಯದಲ್ಲಿ ನಿಲ್ಲಬೇಕು. ಅಪ್ಪ ಐವತ್ತು ಕಿಲೋ, ಮಗ ಎಂಬತ್ತು ಕಿಲೋ ಇದ್ದರೆ, ಒಬ್ಬ ಇಳಿದು ಇನ್ನೊಬ್ಬ ಹತ್ತುವಾಗ ತಿರುಪು ತಿರುಗಲೇಬೇಕು. ಎತ್ತು ಬದಲಾದರೆ ನೊಗದ ಕಣ್ಣಿ ಸರಿಮಾಡುತ್ತಿರಲಿಲ್ಲವೆ? ಹಾಗೆ.

ಎರಡನೆಯದು, ಹಿಂದು ಮುಂದು. ಬೆನ್ನನ್ನು ಸೀಟಿನ ಒರಗಿಗೆ ತಾಗಿಸಿ, ಪೂರ್ತಿ ಹಿಂದಕ್ಕೆ ಕೂತು, ಕ್ಲಚ್ಚನ್ನು ಕೊನೆಯ ತನಕ ಒತ್ತಿ. ಆಗಲೂ ಮಂಡಿ ಒಂದಿಷ್ಟು ಮಡಿಸಿರಬೇಕು. ಕ್ಲಚ್ ಒತ್ತಲು ಕುಂಡೆ ಜಾರಿಸಬೇಕಾದರೆ ಸೀಟು ದೂರವಾಯಿತು. ಮಂಡಿ ಸ್ಟಿಯರಿಂಗಿಗೆ ಬಡಿದರೆ ಹತ್ತಿರವಾಯಿತು. ನಮ್ಮ ಮೈಯಳತೆ ಎಲ್ಲರದೂ ಒಂದೇ ಅಲ್ಲ. ಭೋಪಾಲಿನ ಕೇಂದ್ರ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ನಮ್ಮ ದೇಶದ ಹೊಲಗೆಲಸದವರ ಮೈಯಳತೆಗಳನ್ನು ಸಂಗ್ರಹಿಸಿದ್ದೇ, ಯಂತ್ರಗಳು ನಮ್ಮ ಮೈಗೆ ಹೊಂದಲಿ ಅಂತ. ಹಾಗಿರುವಾಗ ಸೀಟು ಸರಿಸಲು ಹಿಡಿ ಕೊಟ್ಟಿದ್ದರೂ ಸರಿಸದೆ ಓಡಿಸುವುದು ನಮ್ಮದೇ ತಪ್ಪು.

ಮೂರನೆಯದು, ಗೋಣಿಚೀಲ. ಮೆತ್ತಗಿರಲಿ ಅಂತ ಗೋಣಿ, ಸ್ಪಂಜು ಪೇರಿಸುತ್ತೇವೆ. ಅದರಿಂದ ಕುಂಡೆಗೆ ಹಿತ, ಸೊಂಟಕ್ಕೆ ಹಿತವಲ್ಲ. ನಾನು ಹೇಳಿದ ನಿಧಾನ ಕುಲುಕನ್ನು ಸ್ಪಂಜು ತಡೆಯಲಾರದು. ದಪ್ಪ ಸ್ಪಂಜು ಅದನ್ನು ಹೆಚ್ಚಿಸುವುದೂ ಉಂಟು. ಮೇಲಾಗಿ ಸೀಟು ಎತ್ತರವಾಗಿ ಕಾಲು ಪೆಡಲಿಗೆ ಎಟುಕದು, ಒರಗು ಸೊಂಟಕ್ಕೆ ಸಿಗದು, ಮೈ ಜಾರುತ್ತದೆ. ಮೆತ್ತೆ ಹರಿದಿದ್ದರೆ ಬದಲಾಯಿಸಿ. ಸ್ಪ್ರಿಂಗು ಮುರಿದಿದ್ದರೆ ಹಾಕಿಸಿ. ಬೇಕಾದರೆ ಒಂದು ಟವಲನ್ನು ಸುರುಳಿ ಸುತ್ತಿ, ಸೊಂಟದ ಬಳ್ಳಿನ ಹಿಂದೆ ಇಟ್ಟುಕೊಳ್ಳಿ. ಹಿಂಜೇಬಿನಲ್ಲಿ ದಪ್ಪ ಪರ್ಸು, ಫೋನು ಇಟ್ಟುಕೊಂಡು ಕೂರಬೇಡಿ. ಒಂದು ಪಕ್ಕ ಎತ್ತಿದ ಹಾಗಾಗಿ ಸೊಂಟ ವಾರೆಯಾಗುತ್ತದೆ.

ಸೀಟು ಆಯಿತು. ಇನ್ನು ಓಡಿಸುವ ಅಭ್ಯಾಸ.

"ಜೋರಾಗಿ ಓಡಿಸಿ ಬೇಗ ಮುಗಿಸ್ತೀನಿ, ಬೇಗ ಇಳೀತೀನಿ" ಅನ್ನುವವರು ಬಹಳ. ಈ ಲೆಕ್ಕ ತಪ್ಪು. ಯೂರೋಪಿನ ದೇಶಗಳು ಕೆಲಸಗಾರರಿಗಾಗಿ 2002ರಲ್ಲಿ ಕುಲುಕಿಗೆ ಮಿತಿ ಹಾಕಿದವು. ಆ ಲೆಕ್ಕದಲ್ಲಿ ಕುಲುಕು ಎರಡರಷ್ಟಾದರೆ, ಕೂರಬಹುದಾದ ಹೊತ್ತು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಎಂಟು ಗಂಟೆ ಇದ್ದದ್ದು ಎರಡು ಗಂಟೆ! ಗಾಡಿಯ ವೇಗ ಹೆಚ್ಚಿದಷ್ಟೂ ಕುಲುಕು ಹೆಚ್ಚುತ್ತದೆ. ಬದು ದಾಟುವಾಗ, ಒಣ ಹೆಂಟೆಯ ಮೇಲೆ ಹೋಗುವಾಗ, ಕಬ್ಬಿನ ಹೊಲದ ಹಳ್ಳದಿಣ್ಣೆಯಲ್ಲಿ, ಖಾಲಿ ಟ್ರೈಲರು ಕಟ್ಟಿಕೊಂಡು ಮನೆಗೆ ಬರುವಾಗ ಒಂದು ಗೇರು ಇಳಿಸಿ. ಹದ ನೋಡಿ ಉತ್ತರೆ ಹೆಂಟೆ ಕಡಿಮೆ. ಹೆಂಟೆ ಕಡಿಮೆಯಾದರೆ ಮುಂದಿನ ಸಾಲಿಗೆ ಕುಲುಕೂ ಕಡಿಮೆ. ಭೂಮಿಗೆ ಒಳ್ಳೆಯದಾದದ್ದು ಇಲ್ಲಿ ಬೆನ್ನಿಗೂ ಒಳ್ಳೆಯದು.

ಟೈರಿನ ಗಾಳಿಯನ್ನು ಕಾಲಲ್ಲಿ ಒದ್ದು ನೋಡುವುದು ಬೇಡ, ಮೀಟರಿನಲ್ಲಿ ನೋಡಿ. ಹೊಲದ ಕೆಲಸಕ್ಕೆ ಎಷ್ಟು, ರಸ್ತೆಯಲ್ಲಿ ಹೇರು ಎಳೆಯಲು ಎಷ್ಟು ಅಂತ ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಓದು ಬರುವ ಮಕ್ಕಳಿಂದ ಓದಿಸಿಕೊಳ್ಳಿ. ಗಾಳಿ ಮಿತಿಮೀರಿದ ಟೈರು ಕಲ್ಲಿನಂತೆ. ಗಾಳಿ ತೀರ ಕಡಿಮೆಯಿಟ್ಟು ಹೇರು ಎಳೆದರೆ ಟೈರು ಹಾಳು.

ಹಿಂದಕ್ಕೆ ತಿರುಗಿ ನೋಡುವುದು ಇನ್ನೊಂದು. ನೇಗಿಲು ಸರಿಯಾಗಿ ಇಳಿದಿದೆಯೇ, ರೋಟವೇಟರಿಗೆ ಕೂಳೆ ಸಿಕ್ಕಿದೆಯೇ ಅಂತ ನೋಡಲೇಬೇಕು. ಆದರೆ ಸಾಲಿನ ಉದ್ದಕ್ಕೂ ಸೊಂಟ ತಿರುಚಿಕೊಂಡೇ ಓಡಿಸುವುದು ಬೇಡ. ಎರಡು ಪಕ್ಕಕ್ಕೂ ಕನ್ನಡಿ ಹಾಕಿಸಿಕೊಳ್ಳಿ. ತಿರುಗುವಾಗ ಭುಜ, ಎದೆ ಎಲ್ಲ ಸೇರಿಸಿ ತಿರುಗಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರಿದ್ದಾರೆ. ಕಾಲು ಗಂಟೆಗಟ್ಟಲೆ ಎತ್ತಿ ಹಿಡಿದ ಹಾಗಾಗಿ ಸೊಂಟದ ಒಂದು ಪಕ್ಕ ಸೋಲುತ್ತದೆ. ಜೊತೆಗೆ ಕ್ಲಚ್ ಪ್ಲೇಟು ಸವೆಯುತ್ತದೆ. ಒಂದೇ ಅಭ್ಯಾಸಕ್ಕೆ ಡಾಕ್ಟರಿಗೂ ದುಡ್ಡು, ಮೆಕ್ಯಾನಿಕ್ಕಿಗೂ ದುಡ್ಡು!

ಎಲ್ಲಕ್ಕಿಂತ ಮುಖ್ಯವಾದದ್ದು, ಇಳಿಯುವುದು. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಇಳಿದು ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಐದು ನಿಮಿಷ ಸಾಕು. ಎರಡು ಕೈ ಸೊಂಟಕ್ಕಿಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ. ನೀರು ಕುಡಿಯಿರಿ. ಹಿಂಡಿದ ಬಿಲ್ಲೆಗೆ ಮತ್ತೆ ನೀರು ಬರಲಿ. ಇಳಿಯುವಾಗ ಮೇಲಿಂದ ಧುಮುಕಬಾರದು. ಗಾಡಿಯ ಕಡೆ ಮುಖ ಮಾಡಿ, ಕೈ ಹಿಡಿದುಕೊಂಡು, ಮೆಟ್ಟಿಲ ಮೇಲೆ ಕಾಲಿಟ್ಟು ಇಳಿಯಿರಿ. ಇಳಿದ ಕೂಡಲೇ ಗೊಬ್ಬರದ ಮೂಟೆಗೆ ಕೈ ಹಾಕುವುದೂ ತಕ್ಕದ್ದಲ್ಲ. ಕುಲುಕಿ ದಣಿದ ಸೊಂಟ ಆ ಗಳಿಗೆಯಲ್ಲಿ ಬಹಳ ದುರ್ಬಲ. ಸ್ವಲ್ಪ ಓಡಾಡಿ, ಆಮೇಲೆ ಇಬ್ಬರು ಸೇರಿ ಎತ್ತಿ.

ತಾಯಂದಿರೇ, ಈಗ ನಿಮ್ಮ ಕಡೆ ಬರುತ್ತೇನೆ. ಟ್ರಾಕ್ಟರಿಗೆ ಇರುವುದು ಒಂದೇ ಸೀಟು. ಮಡ್‌ಗಾರ್ಡು ಸೀಟಲ್ಲ. ಮಗು ಹಟ ಮಾಡಿತು ಅಂತ ಅಲ್ಲಿ ಕೂರಿಸಿದರೆ, ಒಂದು ಕುಲುಕಿಗೆ ಅದು ಚಕ್ರದ ಕೆಳಗೆ. ಬಸುರಿ ಹೆಣ್ಣುಮಕ್ಕಳನ್ನು ಟ್ರೈಲರಿನಲ್ಲಿ ಕುಲುಕಿಸಿಕೊಂಡು ಕರೆದೊಯ್ಯಬೇಡಿ. ಬಸ್ಸು, ಕಾರು ನೋಡಿ.

ಮನೆಯ ಗಂಡಸರು ನೋವನ್ನು ಮುಚ್ಚಿಡುತ್ತಾರೆ. ನೀವು ಗಮನಿಸುತ್ತಿರಿ. ಸಾಮಾನ್ಯ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕೆ ದಿನಗಟ್ಟಲೆ ಮಲಗಬೇಕಾಗಿಲ್ಲ; ತಡೆದುಕೊಳ್ಳುವಷ್ಟು ಓಡಾಡುವುದೇ ಮೇಲು. ಆದರೆ ನೋವು ಕುಂಡೆಯಿಂದ ಕಾಲಿಗೆ ಇಳಿದು ಪಾದ ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ತೊಡೆಯ ಸಂದಿಯಲ್ಲಿ ಮುಟ್ಟಿದ್ದು ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಅವತ್ತೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ನಾಳೆ ಅನ್ನುವ ಮಾತಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಉಂಟು. ನರ ಸಿಕ್ಕಿಕೊಂಡ ಬೆನ್ನಿಗೆ ಇಂಥ ಒದೆ, ತುಳಿತ ಯಾವುದೂ ಬೇಡ.

"ನೀವು ಹೇಳೋದೆಲ್ಲ ಸರಿ ಸ್ವಾಮಿ, ಕಂತು ಯಾರು ಕಟ್ಟುತ್ತಾರೆ?" ಅಂತ ಚಾಪೆಯ ಮೇಲಿದ್ದ ಆ ಹುಡುಗನೂ ಕೇಳಿದ. ಇದಕ್ಕೆ ಹಾರಿಕೆಯ ಉತ್ತರ ಕೊಡಬಾರದು. ಗಂಟೆಗೆ ಐದು ನಿಮಿಷದಂತೆ, ಹನ್ನೆರಡು ಗಂಟೆಯ ದಿನದಲ್ಲಿ ಒಂದು ಗಂಟೆಯ ಬಾಡಿಗೆ ಹೋಗುತ್ತದೆ. ನಿಜವಾದ ನಷ್ಟವೇ. ಆದರೆ ಅವನಿಗೆ ಹೋದದ್ದು ಎಷ್ಟು? ಆ ವರ್ಷದ ಮುಂಗಾರು ಪೂರ್ತಿ ಹೋಯಿತು. ಒಂದು ಗಂಟೆ ಉಳಿಸಲು ಹೋಗಿ ಹಂಗಾಮನ್ನೇ ಕಳೆದುಕೊಂಡ ಹಾಗಾಯಿತು. ಟ್ರಾಕ್ಟರಿಗೆ ಬಿಡಿಭಾಗ ಪೇಟೆಯಲ್ಲಿ ಸಿಗುತ್ತದೆ, ಬೆನ್ನಿಗೆ ಸಿಗುವುದಿಲ್ಲ.

ಅವನು ಈಗ ಎದ್ದು ಓಡಾಡುತ್ತಿದ್ದಾನೆ. ಬೆಳಗಿನ ಹೊತ್ತು ತಾನು ಓಡಿಸುತ್ತಾನೆ. ಮಧ್ಯಾಹ್ನದ ಮೇಲೆ ತಮ್ಮನಿಗೆ ಬಿಟ್ಟುಕೊಡುತ್ತಾನೆ. ತುಕ್ಕು ಹಿಡಿದಿದ್ದ ತಿರುಪಿಗೆ ಸೀಮೆಎಣ್ಣೆ ಬಿಟ್ಟು ಬಿಡಿಸಿದವರು ಅವನ ತಂದೆಯೇ. ಹೊತ್ತು ಏರಿದರೆ ಬದುವಿನ ಮೇಲೆ ನಿಂತು, ಹಿಂದೆ ಎತ್ತಿಗೆ ಕೂಗುತ್ತಿದ್ದ ಹಾಗೆ, "ಬಿಡೋ ಮಗ, ಹೊತ್ತಾಯ್ತು" ಅಂತ ಕೂಗುತ್ತಾರಂತೆ.

ನಾಳೆ ಬೆಳಿಗ್ಗೆ ಬೀಗದಕೈ ತಿರುಗಿಸುವ ಮುಂಚೆ ಮೂರು ಕೆಲಸ ಮಾಡಿ. ಗೋಣಿಚೀಲ ತೆಗೆದುಹಾಕಿ. ತಿರುಪನ್ನು ನಿಮ್ಮ ತೂಕಕ್ಕೆ ತಿರುಗಿಸಿ. ಬೆನ್ನು ಒರಗಿಸಿ ಕೂತು, ಕ್ಲಚ್ ಒತ್ತಿ, ಸೀಟು ಸರಿಸಿಕೊಳ್ಳಿ. ಆಮೇಲೆ ಹೊಲಕ್ಕೆ ಹೊರಡಿ. ಗಂಟೆಗೊಮ್ಮೆ ಇಳಿಯುವುದನ್ನು ಮಾತ್ರ ಮರೆಯಬೇಡಿ.